‘ಕೊಕೊರೊ’ 40ನೇ ಪುಟಕ್ಕೇ ಬಿಡಬೇಡಿ

ಜಪಾನಿ ಲೇಖಕ ಸೋಸೆಕಿಯ ‘ಕೊಕೊರೊ’ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದೇನೆ, 40 ಪುಟ ಆದರೂ ಏನೂ ನಡೆಯುತ್ತಿಲ್ಲ, ಯಾರಿಗೂ ಹೆಸರೇ ಇಲ್ಲ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಸ್ವಲ್ಪ ತಾಳಿ. ನಾನೂ ಮೊದಲ ಸಲ ಎರಡೇ ದಿನದಲ್ಲಿ ಗಬಗಬ ಓದಿ, ಇಷ್ಟೇನಾ ಅಂದುಕೊಂಡು ಕಪಾಟಿಗೆ ಸೇರಿಸಿದ್ದೆ. ಓದಿದ ವೇಗವೇ ತಪ್ಪಾಗಿತ್ತು.

ಇದು 1914ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಜಪಾನಿನ ಅಸಾಹಿ ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಒಟ್ಟು 110 ಕಂತು: ಮೊದಲ ಭಾಗ 36, ಎರಡನೆಯದು 18, ಮೂರನೆಯದು 56. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂತ ಮನೆಯವರು ನಾವು, ಇದು ಹೊಸದೇನಲ್ಲ. ದಿನಕ್ಕೆ ಮೂರೋ ನಾಲ್ಕೋ ಕಂತು ಓದಿ ಮಡಚಿಡಿ. ಮುನ್ನುಡಿ ಇದ್ದರೆ ಕೊನೆಗೆ ಓದಿ. ಮುನ್ನುಡಿ ಬರೆಯುವವರಿಗೆ ಗುಟ್ಟು ಉಳಿಸಿ ಅಭ್ಯಾಸವಿಲ್ಲ.

ಹೆಸರಿನ ತೊಂದರೆಗೆ ನನ್ನ ಉಪಾಯ ಒಂದಿದೆ. ಇಂಗ್ಲಿಷ್ ಓದುತ್ತಲೇ ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳಿ. ಕಥೆ ಹೇಳುವ ಹುಡುಗ ತನಗಿಂತ ಹಿರಿಯನೊಬ್ಬನನ್ನು ‘ಸೆನ್ಸೇ’ ಅನ್ನುತ್ತಾನೆ, ಅಂದರೆ ಅಕ್ಷರಶಃ ಮೊದಲು ಹುಟ್ಟಿದವನು. ಕಥೆಯಲ್ಲಿ ಅವನು ಎಲ್ಲೂ ಪಾಠ ಹೇಳುವುದಿಲ್ಲ, ಕೆಲಸಕ್ಕೂ ಹೋಗುವುದಿಲ್ಲ. ಪಾಠ ಹೇಳದವರನ್ನೂ ನಾವು ಗೌರವಕ್ಕೆ ‘ಮೇಷ್ಟ್ರೇ’ ಅನ್ನುತ್ತೇವೆ, ಅಲ್ವಾ? ಹಾಗೆ. ಮುಂದೆ ಬರುವ ಮನೆಯೊಡತಿ ‘ಒಕುಸಾನ್’ ಅಮ್ಮಾವ್ರು, ಅವರ ಮಗಳು ‘ಒಜೋಸಾನ್’ ಅಮ್ಮಣ್ಣಿ. ‘ಕೊಕೊರೊ’ ಅನ್ನುವ ಪದಕ್ಕೂ ಇಂಗ್ಲಿಷಿನಲ್ಲಿ ಒಂದೇ ಮಾತು ಸಾಲುವುದಿಲ್ಲ. ನಮ್ಮ ‘ಮನಸ್ಸು’ ಸಲೀಸಾಗಿ ಕೂರುತ್ತದೆ.

ಇನ್ನು ಮನೆ. ಮೂರನೇ ಭಾಗಕ್ಕೆ ಬಂದಾಗ ಒಂದು ಚೀಟಿಯ ಮೇಲೆ ನಕ್ಷೆ ಬರೆದುಕೊಳ್ಳಿ, ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸೆನ್ಸೇ ಆಗ ವಿದ್ಯಾರ್ಥಿ, ಅಮ್ಮಾವ್ರ ಮನೆಯಲ್ಲಿ ಬಾಡಿಗೆಗಿದ್ದಾನೆ. ಅವನದು ಎಂಟು ಚಾಪೆ ಹಾಸುವಷ್ಟು ಅಗಲದ ಕೋಣೆ, ಸುಮಾರು 12 ಅಡಿಗೆ 12 ಅಡಿ. ಗೆಳೆಯ ‘ಕೆ’ (ಅವನಿಗೂ ಹೆಸರಿಲ್ಲ, ಈ ಒಂದಕ್ಷರವೇ) ಇರುವುದು ಪಕ್ಕದ ನಾಲ್ಕು ಚಾಪೆಯ ಕೋಣೆಯಲ್ಲಿ. ನಡುವೆ ಇರುವುದು ಕಾಗದ ಅಂಟಿಸಿದ ಜಾರುಬಾಗಿಲು. ಕೆಯ ಕೋಣೆ ದಾಟಿಯೇ ಸೆನ್ಸೇ ತನ್ನ ಕೋಣೆಗೆ ಹೋಗಬೇಕು. ಆ ಬಾಗಿಲು ಯಾವಾಗ ಎಷ್ಟು ತೆರೆದಿದೆ ಅನ್ನುವುದರ ಮೇಲೆ ಕಣ್ಣಿಡಿ.

ಒಂದು ಕಂತು ಮಾತ್ರ ಹೇಳಿಬಿಡುತ್ತೇನೆ, ದೊಡ್ಡ ಗುಟ್ಟು ಇದಲ್ಲ. ನವೆಂಬರ್, ಚಳಿ ಮಳೆ. ಸೆನ್ಸೇ ನೆನೆದು ಬರುತ್ತಾನೆ. ಕೆಯ ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ, ತನ್ನದರಲ್ಲಿ ಬಿಳಿ ಬೂದಿ. ಕೆ ಮಾತ್ರ ಕೋಣೆಯಲ್ಲಿ ಇಲ್ಲ. ಕೂರಲಾಗದೆ ಮತ್ತೆ ಹೊರಗೆ ಹೋದರೆ ಕೆಸರಿನ ಸಣ್ಣ ದಾರಿಯಲ್ಲಿ ಕೆ ಎದುರಾಗುತ್ತಾನೆ, ಅವನ ಬೆನ್ನಿಗೇ ಅಮ್ಮಣ್ಣಿ. ಅವಳಿಗೆ ದಾರಿ ಬಿಡಲು ಸೆನ್ಸೇ ಕೆಸರಿಗೇ ಕಾಲಿಡುತ್ತಾನೆ. ಯಾರೂ ಜೋರಾಗಿ ಮಾತಾಡಿಲ್ಲ. ಆದರೆ ಹೊಟ್ಟೆಕಿಚ್ಚು ಪೂರ್ತಿ ಹತ್ತಿಕೊಂಡಿದೆ. ನೀವು ‘ಏನೂ ನಡೆಯುತ್ತಿಲ್ಲ’ ಅನ್ನುವುದು ಇಂಥದ್ದನ್ನೇ.

ಇತಿಹಾಸ ಜಾಸ್ತಿ ಬೇಡ, ಎರಡು ಸಂಗತಿ ಸಾಕು. ಜಪಾನಿನ ಮೇಜಿ ಚಕ್ರವರ್ತಿ ತೀರಿಕೊಂಡದ್ದು 1912ರ ಜುಲೈ 30. ಸೆಪ್ಟೆಂಬರ್‌ನಲ್ಲಿ ಅವನ ಅಂತ್ಯಕ್ರಿಯೆಯ ದಿನವೇ ಸೇನಾಧಿಕಾರಿ ಜನರಲ್ ನೋಗಿ ದೊರೆಯ ಹಿಂದೆಯೇ ತಾನಾಗಿ ಪ್ರಾಣ ಬಿಟ್ಟ. ಹೆಂಡತಿಯೂ ಜೊತೆಗೆ ಹೋದಳು. 1877ರ ಯುದ್ಧದಲ್ಲಿ ತನ್ನ ದಳದ ಧ್ವಜ ಶತ್ರುವಿನ ಪಾಲಾದ ಅವಮಾನವನ್ನು ನೋಗಿ 35 ವರ್ಷ ಹೊತ್ತಿದ್ದ. ಇದು ಗೊತ್ತಿಲ್ಲದಿದ್ದರೆ ಕೊನೆಯ ಪುಟಗಳು ವಿದೇಶಿ ಓದುಗನ ಕೈಗೆ ಸಿಗುವುದಿಲ್ಲ. ಗೊತ್ತಿದ್ದರೂ ನನಗೆ ಅರ್ಧವೇ ಸಿಕ್ಕಿತು ಅನ್ನಿ.

ಎರಡನೇ ಭಾಗಕ್ಕೆ ಯಾರ ಸಹಾಯವೂ ಬೇಡ. ಹುಡುಗ ಡಿಗ್ರಿ ಮುಗಿಸಿ ಊರಿಗೆ ಬಂದಿದ್ದಾನೆ, ಅಪ್ಪನಿಗೆ ಕಾಯಿಲೆ, ಊರವರಿಗೆ ಊಟ ಹಾಕಿಸಬೇಕು ಅಂತ ಮನೆಯಲ್ಲಿ ಗಲಾಟೆ. ಅಮ್ಮನದು ಒಂದೇ ರಾಗ: ಟೋಕಿಯೋದ ಆ ದೊಡ್ಡವರಿಗೆ (ಅಂದರೆ ಸೆನ್ಸೇಗೆ) ಕಾಗದ ಬರಿ, ಒಂದು ಕೆಲಸ ಕೊಡಿಸಲಿ. ನನ್ನಮ್ಮನ ಮಾತೇ ಕೇಳಿದಂತಾಯಿತು.

ಅನುವಾದ ಇನ್ನೂ ಕೊಂಡಿಲ್ಲದವರಿಗೆ: 1957ರ ಮೆಕ್ಲೆಲನ್ ಅನುವಾದ ಇದೆ, 2010ರ ಮೆಕಿನ್ನಿ ಅನುವಾದವೂ ಇದೆ. ನನಗೆ ಎರಡನೆಯದು ಹಿಡಿಸಿತು.

ಮೂರನೇ ಭಾಗ ಪೂರ್ತಿ ಸೆನ್ಸೇ ಹುಡುಗನಿಗೆ ಬರೆದ ಒಂದೇ ಕಾಗದ. ಹುಡುಗ ಅದನ್ನು ಟೋಕಿಯೋ ರೈಲಿನಲ್ಲಿ ಕೂತು ಓದುತ್ತಾನೆ. ಅಲ್ಲಿಗೆ ಬಂದ ಮೇಲೆ ಕಂತಿನ ಲೆಕ್ಕ ಬಿಟ್ಟುಬಿಡಿ, ಒಂದು ಭಾನುವಾರ ಖಾಲಿ ಇಟ್ಟುಕೊಳ್ಳಿ.