ಮುಖ ನೋಡಿ ಮನಸ್ಸು ಓದುವುದನ್ನು ನಾವು ಕಲಿಸುವುದಿಲ್ಲ

ಪ್ರವೇಶಾತಿ ಮುಗಿದ ಮರುತಿಂಗಳೇ ಮನೋವಿಜ್ಞಾನದ ಓದಿನ ಬಗ್ಗೆ ಇವೇ ಪ್ರಶ್ನೆಗಳು ಬರತೊಡಗುತ್ತವೆ. ಈ ಸಲ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಬಿ.ಎ. ಮುಗಿದ ಕೂಡಲೇ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಫಲಕ ಹಾಕಬಹುದೇ?

ಕೂಡದು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ಅಲ್ಲಿನ ನೋಂದಣಿ ಎರಡೂ ಬೇಕು. ಈ ತರಬೇತಿಯ ಎಂ.ಫಿಲ್. ನಿಯಮಗಳು ಬದಲಾಗುತ್ತಿವೆ, ಪರಿಷತ್ತಿನ ಜಾಲತಾಣ ನೋಡಿ, ವಾಟ್ಸ್ಆ್ಯಪ್ ನೋಡಬೇಡಿ.

ಸಣ್ಣ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದುತ್ತಿದ್ದೇನೆ. ಗಣಿತ ತಪ್ಪಿಸಿಕೊಳ್ಳಲೆಂದೇ ಇದನ್ನು ಆರಿಸಿಕೊಂಡೆ. ಈಗ ಸಂಖ್ಯಾಶಾಸ್ತ್ರ ಕಡ್ಡಾಯವಂತೆ. ದೊಡ್ಡ ಪ್ರಯೋಗಾಲಯವೂ ಇಲ್ಲ. ಬೇರೆ ಕಡೆ ಸೇರಲೇ?

ಎಲ್ಲಿ ಸೇರಿದರೂ ಸಂಖ್ಯಾಶಾಸ್ತ್ರ ತಪ್ಪದು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಮನೋವಿಜ್ಞಾನದ ಮೊದಲ ಪ್ರಯೋಗಾಲಯ ತೆರೆದಂದಿನಿಂದ ಈ ವಿಷಯ ಅಳತೆಯನ್ನು ಬಿಟ್ಟಿಲ್ಲ. ಲೆಕ್ಕವಿಲ್ಲದೆ ಮನಸ್ಸು ಓದಬೇಕಿದ್ದರೆ ಗಿಣಿಶಾಸ್ತ್ರದವರ ಹತ್ತಿರ ಹೋಗಿ.

ಪ್ರಯೋಗಾಲಯದ ಚಿಂತೆ ಬಿಡಿ. ಅಮೆರಿಕದ ಮನೋವಿಜ್ಞಾನಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಹಾಳೆ, ಬಣ್ಣದ ಪೆನ್ನು, ಮೊಬೈಲಿನ ಸ್ಟಾಪ್‌ವಾಚ್ ಸಾಕು. ‘ಕೆಂಪು’ ಎಂದು ಹಸಿರು ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಹೇಳಿಸಿ. ಓದಬಲ್ಲವರ ನಾಲಿಗೆ ತಡವರಿಸುತ್ತದೆ. ಅದನ್ನೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾಡಿ, ಕನ್ನಡ ಮಾಧ್ಯಮದಿಂದ ಬಂದವರಿಗೆ ಯಾವುದು ಹೆಚ್ಚು ತೊಡಕಾಗುತ್ತದೆ ನೋಡಿ. ಒಂದಿಷ್ಟು ವ್ಯತ್ಯಾಸ ಸಿಕ್ಕಿತು ಎನ್ನೋಣ. ಅದು ನಿಜವಾದದ್ದೋ, ಆ ದಿನ ಇಬ್ಬರು ನಿದ್ದೆಗೆಟ್ಟು ಬಂದಿದ್ದರಿಂದ ಕಂಡದ್ದೋ? ಇಲ್ಲಿ ಸಂಖ್ಯಾಶಾಸ್ತ್ರ ಬೇಕಾಗುತ್ತದೆ. ದೊಡ್ಡವರೂ ಇಲ್ಲಿ ಎಡವಿದ್ದಾರೆ: ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮರಳಿ ಮಾಡಿ 2015ರಲ್ಲಿ ವರದಿ ಕೊಟ್ಟಾಗ, ಮೊದಲಿನ ಫಲಿತಾಂಶ ಮರುಕಳಿಸಿದ್ದು 40ಕ್ಕಿಂತ ಕಡಿಮೆ ಅಧ್ಯಯನಗಳಲ್ಲಿ.

ಸಣ್ಣ ಸಂಸ್ಥೆಯ ನಿಜವಾದ ತೊಂದರೆಯನ್ನು ನೀವು ಕೇಳಲೇ ಇಲ್ಲ. ಪ್ರಯೋಗಕ್ಕೆ ಕೂರುವವರು ಯಾರು? ನಿಮ್ಮ ತರಗತಿಯವರು ಸ್ಟ್ರೂಪ್ ಪಾಠ ಓದಿರುತ್ತಾರೆ. ಸಾಲದ್ದಕ್ಕೆ ಸ್ನೇಹಕ್ಕೆ ಕಟ್ಟುಬಿದ್ದು ನಿಮಗೆ ಬೇಕಾದಂತೆಯೇ ನಡೆದುಕೊಳ್ಳುತ್ತಾರೆ. ಅರ್ಥಶಾಸ್ತ್ರದವರನ್ನು, ಕ್ಯಾಂಟೀನಿನವರನ್ನು, ಕಾಲೇಜು ಬಸ್ಸಿನ ಚಾಲಕರನ್ನು ಕೇಳಿ. ಒಪ್ಪಿಗೆ ಪಡೆದೇ ಕೂರಿಸಿ, ಒಲ್ಲೆ ಎಂದರೆ ಒತ್ತಾಯ ಬೇಡ. ಆಮೇಲೆ ಅಂಕಿಗಳ ಹಾಳೆ ಹಿಡಿದು ಅಧ್ಯಾಪಕರ ಬಾಗಿಲು ತಟ್ಟಿ. ಸಾಲು ಸಾಲಾಗಿ ನೋಡಿ ಬೈಯುವಷ್ಟು ಪುರುಸೊತ್ತು ಅವರಿಗಿರುತ್ತದೆ. ಇನ್ನೂರು ಜನರ ತರಗತಿಯಲ್ಲಿ ಬೈಸಿಕೊಳ್ಳುವ ಭಾಗ್ಯವೂ ಸಿಗುವುದಿಲ್ಲ.

ಬೆರಳಚ್ಚು ನೋಡಿ ಬುದ್ಧಿ ಅಳೆಯುವ ಪರೀಕ್ಷೆ ಮಾಡಿಸಿದೆವು. ಮಗಳಿಗೆ ಮನೋವಿಜ್ಞಾನ ಒಗ್ಗದು ಎಂದು ಬಂದಿದೆ.

ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹಣ ವಾಪಸ್ ಕೇಳಿ. ಮಗಳನ್ನು ಕೇಳಿದ್ದೀರಾ?

ಎರಡು ದಿನದ ಹಿಪ್ನೋಥೆರಪಿ (ಸಮ್ಮೋಹನ ಚಿಕಿತ್ಸೆ) ಪ್ರಮಾಣಪತ್ರ ಪಡೆಯಬಹುದೇ?

ಅದಕ್ಕೆ ಚೌಕಟ್ಟು ಹಾಕಿಸುವ ಖರ್ಚೂ ದಂಡ.

ಹಾಸ್ಟೆಲಿನ ಗೆಳತಿಗೆ ಖಿನ್ನತೆ ಇದ್ದಂತಿದೆ. ಆ ಅಧ್ಯಾಯ ಓದಿದ್ದೇನೆ. ನಾನೇ ಚಿಕಿತ್ಸೆ ಕೊಡಲೇ?

ಬೇಡವೇ ಬೇಡ. ಹತ್ತಿರ ಕೂತು ಕೇಳಿಸಿಕೊಳ್ಳಿ, ರೋಗದ ಹೆಸರು ಹೇಳಲು ಹೋಗಬೇಡಿ. ಮನೋವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. ಸಾಯುವ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿ. ವಾರ್ಡನ್‌ಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತನಾಡುತ್ತಾರೆ.