ಮಗ ಚಕ್ಕರ್ ಹೊಡೆದರೆ ಅಪ್ಪನ ಮೇಲೆ ಕೇಸಾ?

ಪ್ರಶ್ನೆ: ಮಗನಿಗೆ 13 ವರ್ಷ, 8ನೇ ಕ್ಲಾಸು. ದಿನಾ ಬ್ಯಾಗ್ ಹಾಕಿಕೊಂಡು ಹೊರಡುತ್ತಾನೆ, ಶಾಲೆ ಸೇರುವುದಿಲ್ಲ. ಯೂನಿಫಾರ್ಮಿನ ತೋಳಿನಲ್ಲಿ ಗ್ರೀಸ್ ಕಲೆ ನೋಡಿ ಗದರಿದಾಗ ಬಾಯಿಬಿಟ್ಟ. ಬೈಕ್ ಗ್ಯಾರೇಜಿಗೆ ಹೋಗುತ್ತಾನಂತೆ, ದಿನಕ್ಕೆ 100 ರೂಪಾಯಿ ಕೊಡುತ್ತಾರಂತೆ. ಹೆಡ್‌ಮಾಸ್ಟರು ‘ಹೆಸರು ಹೊಡೆದುಹಾಕ್ತೀವಿ, ನಿಮ್ಮ ಮೇಲೂ ಕೇಸಾಗುತ್ತೆ’ ಅಂದರು. ನಿಜಾನಾ ಸರ್?
- ಒಬ್ಬ ತಂದೆ, ತುಮಕೂರು

ಉತ್ತರ: ಮೊದಲು ಹೆಸರಿನ ವಿಷಯ. ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 8ನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಅಂತ ಅದರ 16ನೇ ಸೆಕ್ಷನ್ ಹೇಳುತ್ತದೆ. ಹೊಡೆಯುವಂತೆಯೂ ಇಲ್ಲ. ಚಕ್ಕರ್ ಹೊಡೆದಿದ್ದಕ್ಕೆ ಹುಡುಗ ಅಪರಾಧಿಯೂ ಆಗುವುದಿಲ್ಲ.

ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ ಇದೇ ಕಾಯ್ದೆ ಹೇಳುತ್ತದೆ. ಆದರೆ ತಪ್ಪಿದವರಿಗೆ ಅದರಲ್ಲಿ ಜೈಲೂ ಇಲ್ಲ, ದಂಡವೂ ಇಲ್ಲ. ಹೆಡ್‌ಮಾಸ್ಟರು ಸ್ವಲ್ಪ ಜಾಸ್ತಿಯೇ ಹೆದರಿಸಿದ್ದಾರೆ. ಮಗ ದಾರಿಗೆ ಬರಲಿ ಅಂತ ಇರಬೇಕು, ಅವರ ಮೇಲೆ ಸಿಟ್ಟಾಗಬೇಡಿ.

ನನಗೆ ಚಿಂತೆ ಇರುವುದು ಆ ಗ್ರೀಸ್ ಕಲೆಯದು. 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ ಬಾಲಕಾರ್ಮಿಕ ಕಾಯ್ದೆಯಲ್ಲಿ 6 ತಿಂಗಳಿಂದ 2 ವರ್ಷ ಜೈಲು, 20 ಸಾವಿರದಿಂದ 50 ಸಾವಿರದವರೆಗೆ ದಂಡ, ಅಥವಾ ಎರಡೂ ಆಗಬಹುದು. 2016ರ ತಿದ್ದುಪಡಿಯಲ್ಲಿ ಹೆತ್ತವರಿಗೆ ಮೊದಲ ಸಲಕ್ಕೆ ಶಿಕ್ಷೆ ಇಲ್ಲ. ಮತ್ತೆ ಅದೇ ತಪ್ಪು ಮಾಡಿದರೆ 10 ಸಾವಿರದವರೆಗೆ ದಂಡ. ನಿಮಗೆ ಗೊತ್ತಿಲ್ಲದೆ ಹೋಗುತ್ತಿದ್ದ, ಸರಿ. ಈಗ ಗೊತ್ತಾಗಿದೆ ಅಲ್ವಾ? ಇನ್ನು ಸುಮ್ನೆ ಇದ್ದರೆ ನೀವೇ ಕಳಿಸಿದ ಹಾಗೆ.

ಇನ್ನೊಂದು, ನೀವು ಕೇಳದೇ ಇದ್ದದ್ದು. ಗ್ಯಾರೇಜಿನಲ್ಲಿ ಇರುವ ಹುಡುಗ ‘ಟ್ರಯಲ್ ನೋಡ್ತೀನಿ’ ಅಂತ ಗಾಡಿ ಹತ್ತದೆ ಇರುತ್ತಾನಾ? ನಿಮ್ಮ ಗಾಡಿ ಕೀ ಎಲ್ಲಿಡುತ್ತೀರಿ ಅಂತ ನೋಡಿಕೊಳ್ಳಿ. ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಪ್ರಕಾರ ಪೋಷಕರಿಗೋ ಗಾಡಿ ಮಾಲೀಕರಿಗೋ 25 ಸಾವಿರ ದಂಡ, 3 ವರ್ಷದವರೆಗೆ ಜೈಲು. ಒಂದು ವರ್ಷ ಗಾಡಿಯ ರಿಜಿಸ್ಟ್ರೇಷನ್ ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸೂ ಇಲ್ಲ. ಮೆಕ್ಯಾನಿಕ್ ಆಗಬೇಕು ಅಂತಿರುವವನಿಗೆ ಈ ಕೊನೇದನ್ನು ಹೇಳಿ, ಕಿವಿಗೊಡುತ್ತಾನೆ.

ನಾಳೆಯೇ ಮಗನನ್ನು ಕರೆದುಕೊಂಡು ಶಾಲೆಗೆ ಹೋಗಿ. ಯಾಕೆ ಬರುತ್ತಿರಲಿಲ್ಲ ಅಂತ ಒಂದು ಪತ್ರ ಬರೆದುಕೊಡಿ, ಅದರ ನಕಲಿನ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ. ಹಾಗೂ ಸೇರಿಸಿಕೊಳ್ಳದಿದ್ದರೆ ಬಿಇಒ ಕಚೇರಿಗೆ ದೂರು ಕೊಡಿ. ವಾಪಸ್ ಬರುವಾಗ ಗ್ಯಾರೇಜಿನವರಿಗೂ ಒಂದು ಮಾತು ಹೇಳಿ. ಕೇಳದಿದ್ದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ.