ಆಮೆಗೆ ಬಿಸಿಲು, ಗಿಳಿಗೆ ಕಾಗದ

ಓದುಗರ ಪ್ರಶ್ನೆ, ತಜ್ಞರ ಉತ್ತರ: ಈ ಸಲ ನಾಯಿ, ಬೆಕ್ಕು ಬಿಟ್ಟು ಉಳಿದವು

ಪ್ರಶ್ನೆ: ಎರಡು ವರ್ಷದ ಹಿಂದೆ ಅಕ್ವೇರಿಯಂ ಅಂಗಡಿಯಿಂದ ಎರಡು ಹಸಿರು ಆಮೆಮರಿ ತಂದೆವು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದೆ. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿದ್ದವು ಈಗ ಅಂಗೈ ಅಗಲ ಆಗಿವೆ. ಒಂದರ ಕಣ್ಣು ಊದಿ ಮುಚ್ಚಿಕೊಂಡಿದೆ, ಚಿಪ್ಪಿನ ಅಂಚು ಒತ್ತಿದರೆ ಬಗ್ಗುತ್ತದೆ. ಹತ್ತು ದಿನದಿಂದ ಏನೂ ತಿಂದಿಲ್ಲ. ಮೊದಲಿನಿಂದ ಹಾಕುತ್ತಿರುವುದು ಅಂಗಡಿಯವರು ಕೊಟ್ಟ ಒಣ ಸಿಗಡಿ ಮಾತ್ರ. ಊರ ಕೆರೆಗೆ ಬಿಟ್ಟುಬಿಡಿ ಎನ್ನುತ್ತಾರೆ ಮಾವ. ಏನು ಮಾಡಲಿ? (ದಾವಣಗೆರೆ)

ಉತ್ತರ: ಕೆರೆಗೆ ಮಾತ್ರ ಬಿಡಬೇಡಿ. ಇದು ರೆಡ್ ಇಯರ್ಡ್ ಸ್ಲೈಡರ್. ಇದರ ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಕಣಿವೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಮೀನುಮರಿ, ಕಪ್ಪೆಮೊಟ್ಟೆ, ಜೊಂಡು ಎಲ್ಲವನ್ನೂ ತಿನ್ನುತ್ತದೆ. ನಮ್ಮ ಕೆರೆ ಆಮೆಗಳು ಬಿಸಿಲು ಕಾಯಿಸಿಕೊಳ್ಳುವ ಕಲ್ಲು, ದಿಮ್ಮಿಗಳನ್ನೂ ಆಕ್ರಮಿಸುತ್ತದೆ.

ನೀವು ಹೇಳಿದ ಲಕ್ಷಣಗಳು ಬೇರೆ ಬೇರೆ ಕಾಯಿಲೆಯಂತೆ ಕಂಡರೂ ಬೇರು ಹೆಚ್ಚುಕಡಿಮೆ ಒಂದೇ. ಬರೀ ಒಣ ಸಿಗಡಿಯಲ್ಲಿ ಎ ವಿಟಮಿನ್ ಸಾಲದು, ಅದಕ್ಕೇ ಕಣ್ಣು ಊದುತ್ತದೆ. ಕಣ್ಣು ಕಾಣದ ಆಮೆ ಆಹಾರ ಹುಡುಕುವುದಿಲ್ಲ. ಚಿಪ್ಪು ಮೆದುವಾಗಿರುವುದು ಕ್ಯಾಲ್ಸಿಯಂ ಮತ್ತು ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣದ ಕೊರತೆಯಿಂದ. ಈ ಕಿರಣ ಮೈಗೆ ಬೀಳದಿದ್ದರೆ ಡಿ3 ವಿಟಮಿನ್ ತಯಾರಾಗದು, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರದು.

ಮೊದಲು ಸರೀಸೃಪ ನೋಡಿ ಅಭ್ಯಾಸವಿರುವ ಪಶುವೈದ್ಯರಿಗೆ ತೋರಿಸಿ. ಎ ವಿಟಮಿನ್ ಇಂಜೆಕ್ಷನ್ ಅಳತೆ ಮೀರಿದರೆ ಆಮೆಯ ಚರ್ಮವೇ ಸುಲಿದುಬರುತ್ತದೆ. ಮೆಡಿಕಲ್ ಶಾಪಿನ ಹನಿ ತಂದು ಅಂದಾಜಿನಲ್ಲಿ ಹಾಕಬೇಡಿ. ಆಮೆ ಒಂದು ಪಕ್ಕಕ್ಕೆ ವಾಲಿ ತೇಲುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ ಅದು ನ್ಯುಮೋನಿಯಾ ಇರಬಹುದು. ಆಗ ನಾಳೆಗೆ ಮುಂದೂಡುವ ಮಾತೇ ಇಲ್ಲ.

ಮನೆಯಲ್ಲಿ ಬದಲಾಗಬೇಕಾದ್ದು ತೊಟ್ಟಿ. ಚಿಪ್ಪಿನ ಉದ್ದ ಒಂದು ಇಂಚಿಗೆ ಸುಮಾರು 40 ಲೀಟರ್ ನೀರು ಎಂಬುದು ಸಾಕುವವರ ಲೆಕ್ಕ. ಹೆಣ್ಣು 25ರಿಂದ 28 ಸೆಂ.ಮೀ. ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬಾಳುತ್ತದೆ. ಗಾಜಿನ ಅಕ್ವೇರಿಯಂಗಿಂತ ದೊಡ್ಡ ಸಿಂಟೆಕ್ಸ್ ತೊಟ್ಟಿಯನ್ನು ಅರ್ಧಕ್ಕೆ ಕೊಯ್ಸಿ ಬಳಸುವುದು ಅಗ್ಗ. ನೀರು 25ರಿಂದ 27 ಡಿಗ್ರಿ ಇರಲಿ. ಪೂರ್ತಿ ಮೈ ಒಣಗುವಂತೆ ಹತ್ತಿ ಕೂರಲು ಇಳಿಜಾರಿನ ಹಲಗೆ ಇಡಿ, ಅದರ ಮೇಲೆ ದೀಪ ಹಾಕಿ, ಅಲ್ಲಿನ ಶಾಖ 32ರಿಂದ 35 ಡಿಗ್ರಿ ಇರಬೇಕು. ಜತೆಗೆ ಯುವಿಬಿ ಟ್ಯೂಬ್, ಆಮೆಯ ಬೆನ್ನಿಂದ 25–30 ಸೆಂ.ಮೀ. ಎತ್ತರದಲ್ಲಿ. ನಡುವೆ ಗಾಜು ಅಥವಾ ಪ್ಲಾಸ್ಟಿಕ್ ಇದ್ದರೆ ಕಿರಣ ಅಲ್ಲೇ ನಿಂತುಹೋಗುತ್ತದೆ. ಕಿಟಕಿ ಗಾಜಿನಿಂದ ಬೀಳುವ ಬಿಸಿಲು ಪ್ರಯೋಜನಕ್ಕೆ ಬಾರದ್ದು ಇದಕ್ಕೇ. ಟ್ಯೂಬ್ ಉರಿಯುತ್ತಿದ್ದರೂ ಅದರ ಯುವಿಬಿ ಕ್ರಮೇಣ ಕುಗ್ಗುತ್ತದೆ, ಆರು ತಿಂಗಳಿಂದ ವರ್ಷದೊಳಗೆ ಬದಲಿಸಿ.

ದುಡ್ಡಿಲ್ಲದ ಔಷಧವೂ ಇದೆ. ಬೆಳಗಿನ ಬಿಸಿಲಿನಲ್ಲಿ 20–30 ನಿಮಿಷ, ಅಗಲವಾದ ಟಬ್ಬಿನಲ್ಲಿ, ಅರ್ಧ ಭಾಗಕ್ಕೆ ನೆರಳು ಮಾಡಿ ಬಿಡಿ. ಗಾಜಿನ ತೊಟ್ಟಿಯನ್ನೇ ಎತ್ತಿ ಬಿಸಿಲಿಗಿಟ್ಟರೆ ಆಮೆ ಬೆಂದುಹೋಗುತ್ತದೆ. ಕಾಗೆ, ಹದ್ದಿನ ಮೇಲೆ ಕಣ್ಣಿರಲಿ.

ಒಣ ಸಿಗಡಿ ನಿಲ್ಲಿಸಿ. ಒಳ್ಳೆಯ ಆಮೆ ಪೆಲೆಟ್, ಒಂದು ಸಲಕ್ಕೆ ಒಟ್ಟು ಆಮೆಯ ತಲೆಯ ಗಾತ್ರದಷ್ಟು, ದಿನಕ್ಕೊಮ್ಮೆ. ದೊಡ್ಡದಾದ ಮೇಲೆ ದಿನ ಬಿಟ್ಟು ದಿನ. ಜತೆಗೆ ತುರಿದ ಕ್ಯಾರೆಟ್, ಕುಂಬಳಕಾಯಿ, ದಾಸವಾಳದ ಎಲೆ. ಮುಳ್ಳುಸಹಿತ ಸಣ್ಣ ಮೀನು ವಾರಕ್ಕೊಂದು ಸಲ. ಮೂಳೆಯಿಲ್ಲದ ಕೋಳಿ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರ ನೊರೆಯ (ಕಟಲ್‌ಬೋನ್) ತುಂಡೊಂದನ್ನು ನೀರಿನಲ್ಲಿ ತೇಲಿಬಿಡಿ, ಬೇಕಾದಾಗ ಕಚ್ಚಿಕೊಳ್ಳುತ್ತದೆ.

ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಆಮೆಯ ಕರುಳಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಮಕ್ಕಳು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಾರೆಂದೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಯನ್ನು ಸಾಕಲು ಮಾರುವಂತಿಲ್ಲ. ನಮ್ಮ ಅಂಗಡಿಗಳಲ್ಲಿ ಮಾರುವುದೇ ಆ ಗಾತ್ರದ್ದು.

ಪ್ರಶ್ನೆ: ಆಫ್ರಿಕನ್ ಗ್ರೇ ಗಿಳಿ ಕೊಳ್ಳಬೇಕೆಂದಿದ್ದೇನೆ. ಮಾರುವವರು ‘ಡಿಎನ್‌ಎ ಸರ್ಟಿಫಿಕೇಟ್ ಇದೆ, ಕಾಲಿಗೆ ರಿಂಗ್ ಇದೆ, ಬಿಲ್ ಕೊಡುತ್ತೇವೆ, ಎಲ್ಲ ಲೀಗಲ್’ ಎನ್ನುತ್ತಾರೆ. ಇಷ್ಟು ಸಾಕೇ? (ಮಂಗಳೂರು)

ಉತ್ತರ: ಸಾಲದು. ಡಿಎನ್‌ಎ ಸರ್ಟಿಫಿಕೇಟ್ ಹೇಳುವುದು ಗಂಡೋ ಹೆಣ್ಣೋ ಎಂಬುದನ್ನು ಮಾತ್ರ, ಕಾನೂನಿಗೂ ಅದಕ್ಕೂ ಸಂಬಂಧವಿಲ್ಲ. ರಿಂಗಿನಲ್ಲಿ ಎರಡು ಬಗೆ. ಜೋಡಣೆಯಿಲ್ಲದ ಮುಚ್ಚಿದ ರಿಂಗನ್ನು ಮರಿಯ ಪಾದ ಚಿಕ್ಕದಿರುವಾಗ ಮಾತ್ರ ತೂರಿಸಬಹುದು. ಪಂಜರದಲ್ಲೇ ಹುಟ್ಟಿದ್ದಕ್ಕೆ ಅದು ಒಂದು ಸುಳಿವು. ಸೀಳಿರುವ ರಿಂಗನ್ನು ಯಾವ ವಯಸ್ಸಿನ ಹಕ್ಕಿಗೂ ಅಮುಕಿ ಹಾಕಬಹುದು.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಾಲ್ಕನೇ ಅನುಸೂಚಿಯಲ್ಲಿ ಸೈಟಿಸ್ ಎಂಬ, ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಜೀವಿಗಳಿವೆ. ಇವುಗಳನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. 2024ರ ಫೆಬ್ರುವರಿಯಲ್ಲಿ ಬಂದ ನಿಯಮ ಹಳೆಯ ಮಾಲೀಕರಿಗೆ ಆರು ತಿಂಗಳು ಕೊಟ್ಟಿತ್ತು, ಆ ಗಡುವು ಮುಗಿದಿದೆ. ಈಗ ಪ್ರಾಣಿ ಕೈಸೇರಿದ 30 ದಿನದೊಳಗೆ ಅರ್ಜಿ ಹಾಕಬೇಕು. ಮರಿಯಾದರೂ, ಸತ್ತರೂ, ಕೈಬದಲಾದರೂ ತಿಳಿಸಬೇಕು.

ಗ್ರೇ ಗಿಳಿ 2017ರ ಜನವರಿಯಿಂದ ಸೈಟಿಸ್‌ನ ಅತಿ ಬಿಗಿಯಾದ ಒಂದನೇ ಅನುಬಂಧದಲ್ಲಿದೆ. ಅಂಥ ಜೀವಿಯನ್ನು ಮರಿ ಮಾಡಿಸುವವರಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಲೈಸೆನ್ಸ್ ಬೇಕು. ಆದ್ದರಿಂದ ಕೇಳಬೇಕಾದ್ದು ಮೂರು: ಮಾರುವವರ ಲೈಸೆನ್ಸ್, ಇದೇ ಹಕ್ಕಿಯ ರಿಂಗ್ ಸಂಖ್ಯೆ ನಮೂದಾಗಿರುವ ನೋಂದಣಿ ಪತ್ರ, ನಿಮ್ಮ ಹೆಸರಿಗೆ ವರ್ಗಾವಣೆ. ‘ಆಮೇಲೆ ವಾಟ್ಸ್ಆ್ಯಪ್ ಮಾಡ್ತೀನಿ’ ಎಂದರೆ ಎದ್ದು ಬನ್ನಿ.

ಕಾಕಟಿಲ್, ಬಜರಿಗರ್, ಪೀಚ್ ಮುಖದ ಲವ್‌ಬರ್ಡ್ ಸೈಟಿಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಈ ನೋಂದಣಿಯೂ ಬೇಡ. ಆದರೆ ಲವ್‌ಬರ್ಡ್ ಎಂದೇ ಮಾರುವ ಫಿಶರ್ ಜಾತಿ ಪಟ್ಟಿಯಲ್ಲಿದೆ. ಸನ್ ಕನ್ಯೂರ್ ಕೂಡ. ನಮ್ಮದೇ ಹಸಿರು ಗಿಳಿಯನ್ನಂತೂ ಸಾಕುವಂತೆಯೇ ಇಲ್ಲ, ಅಜ್ಜಿಯ ಕಾಲದಿಂದ ಪಂಜರದಲ್ಲಿದ್ದರೂ.

ಕಾಗದ ಸರಿಯಿದ್ದರೆ ಮುಂದಿನ ಮಾತು. ಈ ಹಕ್ಕಿ 40–50 ವರ್ಷ ಬದುಕುತ್ತದೆ. ನಿಮ್ಮ ನಂತರ ಯಾರು ಎಂಬುದನ್ನು ಈಗಲೇ ತೀರ್ಮಾನಿಸಿ. ಸೂರ್ಯಕಾಂತಿ ಬೀಜವೇ ಊಟವಾದರೆ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುತ್ತದೆ, ಗ್ರೇ ಗಿಳಿಗೆ ಇದು ಹೆಚ್ಚು. ನಾನ್‌ಸ್ಟಿಕ್ ತವಾ ಸೀದರೆ ಬರುವ ಹೊಗೆ ನಿಮಿಷಗಳಲ್ಲಿ ಕೊಲ್ಲುತ್ತದೆ, ಪಂಜರ ಅಡುಗೆಮನೆಯ ಹತ್ತಿರ ಬೇಡ. ಬೆಣ್ಣೆಹಣ್ಣು, ಚಾಕೊಲೆಟ್ ವಿಷ. ವಾರಕ್ಕೊಮ್ಮೆ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹಕ್ಕಿ ಕಾಯಿಲೆಯನ್ನು ಬಚ್ಚಿಡುತ್ತದೆ, ತಕ್ಕಡಿಗೆ ಸುಳ್ಳು ಹೇಳಲಾರದು. ಹತ್ತನೇ ಒಂದು ಭಾಗ ತೂಕ ಇಳಿದರೆ ವೈದ್ಯರ ಬಳಿಗೆ.

ಪ್ರಶ್ನೆ: ಹಸಿರು ಇಗುವಾನಾ ಹಲ್ಲಿಗೆ ಪಾಲಕ್, ಸೌತೆಕಾಯಿ, ಆಗಾಗ ಬೇಯಿಸಿದ ಮೊಟ್ಟೆ ಕೊಡುತ್ತೇವೆ. ಈಚೆಗೆ ಬೆರಳು ನಡುಗುತ್ತವೆ, ದವಡೆ ದಪ್ಪಗಾಗಿದೆ. (ಮೈಸೂರು)

ಉತ್ತರ: ದವಡೆ ದಪ್ಪಗಾಗಿದ್ದು ಪುಷ್ಟಿಯಿಂದಲ್ಲ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಮೂಳೆಯಿಂದಲೇ ಕೀಳುತ್ತಿದೆ, ಮೂಳೆ ರಬ್ಬರಿನಂತಾಗಿ ಊದಿದೆ. ನಡುಕ ಬಂದಿದೆಯೆಂದರೆ ತಡವಾಗಿದೆ. ಇವತ್ತೇ ವೈದ್ಯರಿಗೆ ತೋರಿಸಿ, ಎತ್ತುವಾಗ ಮೂಳೆ ಮುರಿಯದಂತೆ ಇಡೀ ಮೈಗೆ ಕೈ ಆನಿಸಿ. ಪಾಲಕ್, ದಂಟು, ಬಸಳೆಯಲ್ಲಿನ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಸೌತೆಕಾಯಿ ನೀರೇ. ಮೊಟ್ಟೆಯಂತಹ ಪ್ರೋಟೀನ್ ಈ ಸೊಪ್ಪುತಿನ್ನಿಯ ಮೂತ್ರಪಿಂಡ ಕೆಡಿಸುತ್ತದೆ.

ನಿಮ್ಮ ಕಡೆ ಹಿಪ್ಪುನೇರಳೆ ಸೊಪ್ಪು ಸಿಗುತ್ತದಲ್ಲ, ಇಗುವಾನಾಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಬೆಳೆಗೆ ಸಿಂಪಡಿಸಿದ ಔಷಧಿಯ ಅಂಶ ಉಳಿದಿದ್ದರೆ ರೇಷ್ಮೆಹುಳವೇ ಸಾಯುವುದರಿಂದ, ಹುಳಕ್ಕೆ ಕೊಯ್ದ ಸೊಪ್ಪು ಮಾರುಕಟ್ಟೆಯ ಸೊಪ್ಪಿಗಿಂತ ನಂಬಿಕಸ್ಥ. ಜತೆಗೆ ದಾಸವಾಳದ ಎಲೆ, ಹೂ, ಸ್ವಲ್ಪ ನುಗ್ಗೆಸೊಪ್ಪು. ಯುವಿಬಿ ದೀಪದ ವಿಷಯ ಆಮೆಗೆ ಹೇಳಿದ್ದೇ, ಕಾಯುವ ಜಾಗದ ಶಾಖ ಮಾತ್ರ 35 ಡಿಗ್ರಿಗೆ ಕಡಿಮೆಯಾಗದಿರಲಿ. ಇದೂ ನೋಂದಣಿ ಬೇಕಾದ ಪ್ರಾಣಿ, ಒಂದೂವರೆ ಮೀಟರಿಗೂ ಮೀರಿ ಬೆಳೆಯುತ್ತದೆ.

ಪ್ರಶ್ನೆ: ಒಂದೇ ಶುಗರ್ ಗ್ಲೈಡರ್ (ಮರದಿಂದ ಮರಕ್ಕೆ ತೇಲಿ ಹೋಗುವ ಪುಟ್ಟ ಪ್ರಾಣಿ) ಇದೆ. ಬಾಳೆ, ಸೇಬು ಇಷ್ಟಪಟ್ಟು ತಿನ್ನುತ್ತದೆ. ನಾಲ್ಕು ದಿನದಿಂದ ಹಿಂಗಾಲು ಎಳೆಯುತ್ತಿದೆ. (ಬೆಂಗಳೂರು)

ಉತ್ತರ: ಇಲ್ಲೂ ಕ್ಯಾಲ್ಸಿಯಂ. ಹಣ್ಣನ್ನೇ ನಂಬಿದ ಗ್ಲೈಡರಿಗೆ ಹಿಂಗಾಲಿನ ಪಾರ್ಶ್ವವಾಯು ಬರುತ್ತದೆ. ಬೇಗ ಚಿಕಿತ್ಸೆಯಾದರೆ ಎಷ್ಟೋ ಸಲ ವಾಸಿಯಾಗುತ್ತದೆ. ಹತ್ತಿ ಬೀಳದಂತೆ ಬಟ್ಟೆ ಹಾಸಿದ ಗಿಡ್ಡ ಪೆಟ್ಟಿಗೆಗೆ ಬದಲಿಸಿ, ವೈದ್ಯರಲ್ಲಿಗೆ ಒಯ್ಯಿರಿ. ಮುಂದೆ ಕ್ಯಾಲ್ಸಿಯಂ ಪುಡಿ ಉದುರಿಸಿದ ಹುಳು, ಬೇಯಿಸಿದ ಮೊಟ್ಟೆ, ಮಕರಂದದ ಮಿಶ್ರಣ ಮುಖ್ಯ ಊಟವಾಗಲಿ, ಹಣ್ಣು ನಂಚಿಕೊಳ್ಳುವಷ್ಟು. ಸತು ಲೇಪಿಸಿದ ಜಾಲರಿಯ ಪಂಜರ ಬೇಡ, ನೆಕ್ಕಿದರೆ ವಿಷವೇರುತ್ತದೆ. ಇದು ಗುಂಪಿನ ಜೀವಿ, ಒಂಟಿಯಾದರೆ ತನ್ನ ಮೈಯನ್ನೇ ಕಚ್ಚಿಕೊಳ್ಳುವುದುಂಟು. ರಾತ್ರಿಯಿಡೀ ಎಚ್ಚರವಿದ್ದು ಬೊಗಳಿದಂತೆ ಕೂಗುತ್ತದೆ. ಜತೆಗೊಂದು ತರುವ ಮೊದಲು ಅಕ್ಕಪಕ್ಕದ ಮನೆಯವರನ್ನೂ ನೆನೆಯಿರಿ.

ಪ್ರಶ್ನೆ: ಹೊಲದಲ್ಲಿ ನಕ್ಷತ್ರ ಆಮೆ ಸಿಕ್ಕಿದೆ. ಮನೆಯಲ್ಲಿದ್ದರೆ ಅದೃಷ್ಟ ಎನ್ನುತ್ತಾರೆ. ಇಟ್ಟುಕೊಳ್ಳಬಹುದೇ? (ಕೋಲಾರ)

ಉತ್ತರ: ಇಲ್ಲ. ಇದು ಕಾಡುಪ್ರಾಣಿ, ಇಟ್ಟುಕೊಳ್ಳುವುದು ಅಪರಾಧ. 2019ರಿಂದ ಸೈಟಿಸ್‌ನ ಒಂದನೇ ಅನುಬಂಧದಲ್ಲೂ ಇದೆ. ಈಗಷ್ಟೇ ಸಿಕ್ಕಿದ್ದು, ಗಾಯವಿಲ್ಲವೆಂದರೆ ಸಿಕ್ಕ ಜಾಗದ ಬೇಲಿಯ ಪೊದೆಯೊಳಗೇ ಇಟ್ಟುಬನ್ನಿ. ಮನೆಗೆ ತಂದು ದಿನಗಳಾಗಿದ್ದರೆ ನೀವೇ ಎಲ್ಲೋ ಬಿಡಬೇಡಿ. ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ ಸಾಕು. ಆಮೆಯಲ್ಲವೇ ಎಂದು ನೀರು ತುಂಬಿದ ಬಕೆಟ್ಟಿಗೆ ಬಿಡಬೇಡಿ, ಇದಕ್ಕೆ ಈಜು ಬರದು.